ಗುಜರಿಗೆ ಬಿದ್ದ ಮೂರು ಸೈಕಲ್ಲುಗಳಿಂದ ಓಡುವ ಒಂದು

ನಮ್ಮ ಕಡೆ ಬಿಸಾಡಿದ ಸೈಕಲ್ಲು ಕಸದ ಗುಡ್ಡೆಯ ತನಕ ಹೋಗುವುದು ಅಪರೂಪ. ಮೈಸೂರಿನ ವಿದ್ಯಾರಣ್ಯಪುರದ ಸೂಯೆಜ್ ಫಾರಂನ ಕಸದ ರಾಶಿಯಲ್ಲಿ ಪ್ಲಾಸ್ಟಿಕ್ಕು, ಹರಿದ ಬಟ್ಟೆ, ಎಳನೀರಿನ ಬುರುಡೆ ಬೇಕಾದಷ್ಟಿವೆ. ಕಬ್ಬಿಣ ಮಾತ್ರ ದಾರಿಯಲ್ಲೇ ಇಳಿದುಹೋಗಿರುತ್ತದೆ. ಹಳೇ ಪೇಪರಿನವರು, ತಳ್ಳುಗಾಡಿಯವರು, ಕಸ ಆಯುವವರು, ಇಷ್ಟು ಜನರ ಕಣ್ಣು ತಪ್ಪಿಸಿ ಒಂದು ಸೈಕಲ್ ಅಲ್ಲಿಗೆ ತಲುಪುವುದು ಸುಲಭವಲ್ಲ. ಹಾಗಾಗಿ ಹುಡುಕುವವರು ಹೋಗಬೇಕಾದದ್ದು ಗುಜರಿ ಅಂಗಡಿಗೆ. ಅಲ್ಲೂ ಬಹಳ ದಿನ ಕಾಯುವಂತಿಲ್ಲ. ರಾಶಿ ಒಂದು ಲೋಡಿನಷ್ಟು ಬೆಳೆದ ಕೂಡಲೇ ಲಾರಿ ಬರುತ್ತದೆ, ಅಲ್ಲಿಂದ ಮುಂದೆ ಎಲ್ಲವೂ ಕುಲುಮೆಗೆ.

ಈ ಸಲ ನನಗೆ ಬೇಕಿದ್ದದ್ದು ಭಾರ ಹೊರುವ ಒಂದು ಸೈಕಲ್. ದೇವರಾಜ ಮಾರುಕಟ್ಟೆಯಿಂದ ಬೆಳಿಗ್ಗೆ ಹೂವು ತಂದು ನಮ್ಮ ಬಡಾವಣೆಯ ಮನೆಮನೆಗೆ ಹಾಕುವವರೊಬ್ಬರಿದ್ದಾರೆ. ಅವರ ಸೈಕಲ್ಲಿನ ಮುಂಚಕ್ರ ಹಿಡಿಯುವ ಫೋರ್ಕ್ ಮುರಿದಿತ್ತು. ಹೊಸದು ಕೊಳ್ಳುವ ಮಾತಾಡಿದಾಗ, "ಹೊಸದು ಬೇಡ ಸರ್, ಗಟ್ಟಿ ಇದ್ದರೆ ಸಾಕು" ಎಂದರು. ಗಟ್ಟಿ ಎಂದರೆ ನಮ್ಮಲ್ಲಿ ಒಂದೇ ಅರ್ಥ: 28 ಅಂಗುಲದ ಚಕ್ರದ, ರಾಡ್ ಬ್ರೇಕಿನ, ಕಪ್ಪು ಬಣ್ಣದ ಆ ಹಳೆಯ ದೊಡ್ಡ ಸೈಕಲ್.

ಗುಜರಿಯಲ್ಲಿ ಅಂಥದ್ದೊಂದು ಸಿಕ್ಕಿತು. ಅಟ್ಲಾಸ್. ಹಿಂದಿನ ಚಕ್ರ ಇಲ್ಲ, ಪೆಡಲ್ ಹಿಡಿಯುವ ಎಡಗಡೆಯ ಕ್ರ್ಯಾಂಕ್ ಇಲ್ಲ, ಸೀಟಿನ ಚರ್ಮ ಇಲ್ಲ. ಹ್ಯಾಂಡಲ್ಲಿನ ಬುಡದಲ್ಲಿ, ಹಿಂದೆ ಪುರಸಭೆಗಳು ಸೈಕಲ್ ತೆರಿಗೆ ವಸೂಲು ಮಾಡಿ ಕೊಡುತ್ತಿದ್ದಂಥ ಹಿತ್ತಾಳೆ ಬಿಲ್ಲೆಯೊಂದು ತಂತಿಯಲ್ಲಿ ನೇತಾಡುತ್ತಿತ್ತು. ಅಕ್ಷರ ಪೂರ್ತಿ ಸವೆದಿತ್ತು. ಅದರ ಪಕ್ಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್, ಹುಡುಗಿಯರದು, ಮುಂದೆ ತಂತಿಯ ಬುಟ್ಟಿ. 2006-07ರಲ್ಲಿ ಆ ಯೋಜನೆ ಶುರುವಾದ ಮೇಲೆ ಹಳ್ಳಿಗಳಿಂದ ಗುಜರಿಗೆ ಬರುವ ಸೈಕಲ್ಲುಗಳ ಚಹರೆಯೇ ಬದಲಾಗಿದೆ. ಮೂರನೆಯದು ಯಾವುದೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ತಿಂದು ಬಂದ ಗೇರ್ ಸೈಕಲ್: ದಪ್ಪ ಪೈಪು, ಎರಡೂ ಕಡೆ ಶಾಕ್ ಅಬ್ಸಾರ್ಬರ್, ಮೈತುಂಬ ಸ್ಟಿಕ್ಕರ್.

ತೂಕಕ್ಕೆ ಹಾಕುವ ಮೊದಲು ನೋಡಬೇಕಾದದ್ದು ಫ್ರೇಮನ್ನು. ತುಕ್ಕು ನನಗೆ ದೊಡ್ಡ ವಿಷಯವಲ್ಲ, ಡಿಕ್ಕಿ ದೊಡ್ಡ ವಿಷಯ. ಮುಂದಿನಿಂದ ಗುದ್ದಿಸಿಕೊಂಡ ಸೈಕಲ್ಲಿನಲ್ಲಿ ಹ್ಯಾಂಡಲ್ ಪೈಪಿನ ಹಿಂದೆ, ಮೇಲಿನ ಮತ್ತು ಕೆಳಗಿನ ಪೈಪುಗಳ ತಳಭಾಗದಲ್ಲಿ, ಬಣ್ಣ ಸುಕ್ಕುಗಟ್ಟಿರುತ್ತದೆ. ಅಲ್ಲಿ ಬೆರಳು ಆಡಿಸಿದರೆ ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಸಿಕ್ಕರೆ ಆ ಫ್ರೇಮನ್ನು ಮುಟ್ಟಬಾರದು. ಆಮೇಲೆ ದಾರದ ಪರೀಕ್ಷೆ. ಹಿಂಚಕ್ರದ ಆಕ್ಸಲ್ ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಹ್ಯಾಂಡಲ್ ಪೈಪನ್ನು ಸುತ್ತಿಸಿ, ಇನ್ನೊಂದು ಕಡೆಗೆ ತಂದು ಬಿಗಿಯಬೇಕು. ಸೀಟಿನ ಪೈಪಿನಿಂದ ಎಡದಾರಕ್ಕೂ ಬಲದಾರಕ್ಕೂ ಇರುವ ಅಂತರ ಅಳೆಯಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಹಿಂಭಾಗ ಸೊಟ್ಟಗಿದೆ. ಅಟ್ಲಾಸ್ ಪಾಸಾಯಿತು. ಕೊನೆಯದಾಗಿ ಸ್ಪ್ಯಾನರಿನಿಂದ ಪೈಪುಗಳ ಮೇಲೆ ತಟ್ಟುವುದು, ವಿಶೇಷವಾಗಿ ಪೆಡಲ್ ಅಚ್ಚಿನ ಹತ್ತಿರ. ಮಳೆನೀರು ಇಳಿದು ನಿಲ್ಲುವುದು ಅಲ್ಲೇ. ಟಣ್ ಎಂದರೆ ಲೋಹ ಇದೆ, ಡಬ್ ಎಂದರೆ ಒಳಗೆ ಪುಡಿ ಇದೆ.

ಇನ್ನೊಂದು ವಿಚಾರವನ್ನು ಅಂಗಡಿಯಲ್ಲೇ ಮುಗಿಸಿಕೊಳ್ಳಬೇಕು. ಕದ್ದ ಮಾಲು ಎಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಫ್ರೇಮಿನ ನಂಬರನ್ನು ಸೀಟಿನ ಕೆಳಗಿನ ಬೆಸುಗೆಯ ಬಳಿಯಲ್ಲೋ ಪೆಡಲ್ ಅಚ್ಚಿನ ತಳದಲ್ಲೋ ಕೊರೆದಿರುತ್ತಾರೆ. ಅದನ್ನು ಉಜ್ಜಿ ಅಳಿಸಿದ್ದರೆ ನಾನು ಹಿಂದೆ ಸರಿಯುತ್ತೇನೆ. ಇದ್ದರೆ ಆ ನಂಬರ್ ಹಾಕಿಯೇ ಚೀಟಿ ಬರೆಸಿಕೊಳ್ಳುತ್ತೇನೆ. "ಕಬ್ಬಿಣಕ್ಕೆ ಎಂಥ ಚೀಟಿ ಸ್ವಾಮಿ" ಎಂದು ಅಂಗಡಿಯವರು ನಕ್ಕರು. ನಕ್ಕರೂ ಬರೆದುಕೊಟ್ಟರು. ಹಳೆ ಕಬ್ಬಿಣದ ದರದ ಮೇಲೆ ಕೆಜಿಗೆ ಐದಾರು ರೂಪಾಯಿ ಹೆಚ್ಚು ಕೊಟ್ಟರೆ ಅವರಿಗೂ ಬೇಸರವಿಲ್ಲ. ದೊಡ್ಡ ಸೈಕಲ್ ಇಡಿಯಾಗಿದ್ದರೆ 20 ಕೆಜಿ ದಾಟುತ್ತದೆ. ಇದರಲ್ಲಿ ಅರ್ಧ ಸಾಮಾನೇ ಇರಲಿಲ್ಲವಾದ್ದರಿಂದ ಅಗ್ಗವಾಯಿತು.

ಮೂರನ್ನೂ ತರಲು ಕಾರಣವಿದೆ. ಬೇರೆ ಬೇರೆ ಸೈಕಲ್ಲುಗಳ ನಡುವೆ ಯಾವುದು ಯಾವುದಕ್ಕೆ ಕೂರುತ್ತದೆ ಎಂಬ ಲೆಕ್ಕ ಗೊತ್ತಿಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬಾರದು. ಚಕ್ರದಲ್ಲಿ ಎಲ್ಲರೂ ಎಡವುತ್ತಾರೆ. ಶಾಲೆಯ ಸೈಕಲ್ಲಿನ ಟೈರಿನ ಮೇಲೆ 26 × 1⅜ ಎಂದಿದೆ, ಗೇರ್ ಸೈಕಲ್ಲಿನ ಮೇಲೆ 26 × 1.95 ಎಂದಿದೆ. ಎರಡೂ 26 ಎಂದು ಒಂದರ ಟೈರನ್ನು ಇನ್ನೊಂದಕ್ಕೆ ಹಾಕಲು ಹೋದರೆ ಸಂಜೆಯವರೆಗೂ ಬೆವರು ಸುರಿಸಬಹುದು. ಮೊದಲನೆಯದರ ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ 590 ಮಿಮೀ, ಎರಡನೆಯದರದ್ದು 559 ಮಿಮೀ. ನನ್ನ ಅಟ್ಲಾಸಿನ 28 × 1½ ಟೈರಿಗೆ 635 ಮಿಮೀ. ಟೈರಿನ ಪಕ್ಕದಲ್ಲಿ ಅಡ್ಡಗೆರೆಯ ನಂತರ ಬರುವ ಮೂರಂಕಿಯ ಸಂಖ್ಯೆಯನ್ನು ಓದಬೇಕು; ದೊಡ್ಡಕ್ಷರದ ಅಂಗುಲದ ಲೆಕ್ಕವನ್ನು ನಂಬಬಾರದು.

ಅಂದರೆ ಹಿಂಚಕ್ರ ಈ ಎರಡರಿಂದಲೂ ಸಿಗುವುದಿಲ್ಲ. ಆದರೆ ಪೆಡಲ್ ಅಚ್ಚಿನ ಕಪ್ಪು (ಬಾಲ್ಸ್ ಎಂಬ ಉಕ್ಕಿನ ಗುಂಡುಗಳು ಕೂರುವ ಬಟ್ಟಲು), ಆಕ್ಸಲ್, ಕ್ರ್ಯಾಂಕ್, ಕಾಟರ್ ಪಿನ್, ಚೈನು, ಹಿಂಚಕ್ರದ ಹಲ್ಲುಗಾಲಿಯಾದ ಫ್ರೀವೀಲ್, ಪೆಡಲ್ ಎಲ್ಲವೂ ಶಾಲೆಯ ಸೈಕಲ್ಲಿನಿಂದ ಅಟ್ಲಾಸಿಗೆ ನೇರವಾಗಿ ಬರುತ್ತವೆ. ಇಂಗ್ಲಿಷರ ರೋಡ್‌ಸ್ಟರ್ ಸೈಕಲ್ಲಿನ ಅಳತೆಗಳನ್ನೇ ನಮ್ಮ ಕಾರ್ಖಾನೆಗಳು ಇಟ್ಟುಕೊಂಡವು. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್ ಇರಲಿ, 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಇರಲಿ, 1956ರ ಲುಧಿಯಾನದ ಹೀರೋ ಇರಲಿ, ಪೆಡಲ್ ಅಚ್ಚಿನ ಥ್ರೆಡ್ ಒಂದೇ: ಅಂಗುಲಕ್ಕೆ 24 ಸುತ್ತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಆದರೂ ಅದರ ಸೈಕಲ್ಲಿಗೆ ಬೇಕಾದ ಬಿಡಿಭಾಗ ಇಂದಿಗೂ ಯಾವ ತಾಲ್ಲೂಕು ಕೇಂದ್ರದ ಸೈಕಲ್ ಶಾಪಿನಲ್ಲಾದರೂ ಡಬ್ಬಿ ತೆರೆದರೆ ಸಿಗುತ್ತದೆ. ಗೇರ್ ಸೈಕಲ್ಲಿನ ವಿಷಯದಲ್ಲಿ ಈ ಮಾತು ಹೇಳಲಾರೆ. ಅದರ ಹಿಂದಿನ ಶಾಕ್ ಅಬ್ಸಾರ್ಬರಿನ ಬುಷ್ ಹೋಗಿತ್ತು. ಅದಕ್ಕೆ ಬದಲಿ ಎಲ್ಲೂ ಇಲ್ಲ. ಅದರ ಮೈಯಿಂದ ಸೀಟನ್ನೂ ಸೀಟು ಹಿಡಿಯುವ ಕ್ಲಾಂಪನ್ನೂ ಬಿಚ್ಚಿಕೊಂಡು ಉಳಿದದ್ದನ್ನು ಬದಿಗಿಟ್ಟೆ.

ಬಿಚ್ಚುವ ಕೆಲಸದಲ್ಲಿ ಕಾಟರ್ ಪಿನ್ನಿನಷ್ಟು ತಾಳ್ಮೆ ಕೇಳುವ ಭಾಗ ಇನ್ನೊಂದಿಲ್ಲ. ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಂಧಿಸುವುದು ಈ ಬೆರಳುದ್ದದ, ಒಂದು ಮಗ್ಗುಲು ಚಪ್ಪಟೆಯಾದ ಬೆಣೆ. ಅದರ ನಟ್ಟನ್ನು ಪೂರ್ತಿ ತೆಗೆದು ಸುತ್ತಿಗೆಯಿಂದ ಟಕಟಕ ಹೊಡೆಯುವವರನ್ನು ನೋಡಿದ್ದೇನೆ. ಥ್ರೆಡ್ಡಿನ ತುದಿ ಅಣಬೆಯಂತೆ ಅರಳಿ, ಆಮೇಲೆ ಡ್ರಿಲ್ ಹಾಕದೆ ಬರುವುದಿಲ್ಲ. ಹಿಂದಿನ ರಾತ್ರಿಯೇ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಬಿಟ್ಟು ನೆನೆಸಿಡಬೇಕು. ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಮಾತ್ರ ಸಡಿಲಿಸಬೇಕು. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಹೊರಬರಲು ಜಾಗ ಬಿಟ್ಟು, ದಪ್ಪ ಕಬ್ಬಿಣದ ಪೈಪಿನ ತುಂಡೊಂದನ್ನು ನೆಲಕ್ಕೆ ಊರಿ ನಿಲ್ಲಿಸಬೇಕು. ಈ ಪೈಪಿಲ್ಲದಿದ್ದರೆ ಹೊಡೆತದ ಬಲವೆಲ್ಲ ಒಳಗಿನ ಬಾಲ್ಸುಗಳ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಆಮೇಲೆ ಭಾರವಾದ ಸುತ್ತಿಗೆಯಿಂದ ಒಂದೇ ನೇರ ಪೆಟ್ಟು. ಅಳುಕಿ ಹೊಡೆದ ಸಣ್ಣ ಪೆಟ್ಟುಗಳು ಪಿನ್ನನ್ನು ಜಜ್ಜುತ್ತವೆಯೇ ಹೊರತು ಕದಲಿಸುವುದಿಲ್ಲ. ಶಾಲೆಯ ಸೈಕಲ್ಲಿನ ಪಿನ್ನುಗಳು ಸುಲಭವಾಗಿ ಬಂದವು. ಅಟ್ಲಾಸಿನದು ಬಹಳ ಸತಾಯಿಸಿತು. ಬ್ಲೋ ಲ್ಯಾಂಪಿನಿಂದ ಕ್ರ್ಯಾಂಕಿನ ಕಣ್ಣನ್ನು ಬಿಸಿ ಮಾಡಿದ ಮೇಲೆ ಸಡಿಲವಾಯಿತು.

ಪೆಡಲ್ ಅಚ್ಚಿನ ಕಪ್ಪು ಬಿಚ್ಚುವಾಗ ನೆನಪಿಡಬೇಕಾದದ್ದು ದಿಕ್ಕು. ಎಡಗಡೆಯ ಕಪ್ಪು ಮಾಮೂಲಿ ಥ್ರೆಡ್ಡಿನದು, ಅದರ ಮೇಲೊಂದು ಲಾಕ್ ರಿಂಗ್ ಇರುತ್ತದೆ. ಚೈನಿನ ಕಡೆಯ ಬಲಗಪ್ಪು ಉಲ್ಟಾ ಥ್ರೆಡ್; ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಎಡ ಪೆಡಲ್ ಕೂಡ ಉಲ್ಟಾ. ಬಲಗಪ್ಪಿನ ಒಳಗೆ ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿದೆ. ಬಾಲ್ಸ್ ಓಡುವ ಜಾಡು ಕನ್ನಡಿಯ ಹಾಗೆ ನಯವಾಗಿತ್ತು, ಗುಳಿಗಳಿರಲಿಲ್ಲ. ಹಾಗಿದ್ದರೆ ಬಿಚ್ಚುವ ಗೊಡವೆಯೇ ಬೇಡ, ಇದ್ದಲ್ಲೇ ಇರಲಿ. ಆಕ್ಸಲ್ ಮಾತ್ರ ಸವೆದಿತ್ತು, ಅದನ್ನು ಶಾಲೆಯ ಸೈಕಲ್ಲಿನಿಂದ ತೆಗೆದುಕೊಂಡೆ. ಹೊಸ ಬಾಲ್ಸ್ ಕಾಲಂಗುಲದವು, ಒಂದು ಕಡೆಗೆ 11. ಹಿಂಚಕ್ರದ ನಡುವಿನ ಹಬ್ಬಿಗೂ ಅದೇ ಗಾತ್ರ, ಒಂದು ಕಡೆಗೆ 9. ಮುಂದಿನ ಹಬ್ಬಿಗೆ ಚಿಕ್ಕವು, ಅಂಗುಲದ ಹದಿನಾರರಲ್ಲಿ ಮೂರು ಪಾಲು, ಒಂದು ಕಡೆಗೆ 10. ಹಳೆಯ ಬಾಲ್ಸನ್ನು ಹೊಸದರ ಜೊತೆ ಬೆರೆಸಬಾರದು. ಕಣ್ಣಿಗೆ ಕಾಣದ ಗಾತ್ರದ ವ್ಯತ್ಯಾಸದಲ್ಲಿ ಭಾರವೆಲ್ಲ ಎರಡು ಮೂರು ಬಾಲ್ಸಿನ ಮೇಲೆಯೇ ಬೀಳುತ್ತದೆ. ಬಾಲ್ಸಿನ ಬೆಲೆ ಚಹಾದ ಬೆಲೆಗಿಂತ ಹೆಚ್ಚಿಲ್ಲ, ಜಿಪುಣತನ ಇಲ್ಲಿ ಬೇಡ. ಗ್ರೀಸ್ ಧಾರಾಳವಾಗಿರಲಿ.

ತುಕ್ಕಿಗೆ ಬರೋಣ. ಇದರ ಬಗ್ಗೆ ಊರೆಲ್ಲ ಮದ್ದು ಹೇಳುತ್ತಾರೆ. ನಾನು ಭಾಗ ನೋಡಿ ವಿಧಾನ ಆರಿಸುತ್ತೇನೆ. ನಟ್ಟು, ಸ್ಟ್ಯಾಂಡು, ಕ್ಯಾರಿಯರಿನ ಕೊಂಡಿಗಳಂಥ ಸಣ್ಣ ಸಾಮಾನಿಗೆ ಹಳೆ ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ ರಾತ್ರಿಯಿಡೀ ಮುಳುಗಿಸಿಟ್ಟರೆ ಸಾಕು. ಅದರ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಹೊರತೆಗೆದ ಕೂಡಲೇ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಗಂಟೆಯೊಳಗೆ ಮತ್ತೆ ಕೆಂಪಡರುತ್ತದೆ. ರಿಮ್ಮಿನ ಕ್ರೋಮಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರು ಹಚ್ಚಿ ಉಜ್ಜುವುದು. ಎಮರಿ ಕಾಗದ ತಾಗಿಸಿದರೆ ಉಳಿದ ಕ್ರೋಮೂ ಹೋಗುತ್ತದೆ. ಕ್ರೋಮ್ ಲೇಪವಿಲ್ಲದ ದೊಡ್ಡ ಸಾಮಾನಿಗೆ ವಿದ್ಯುತ್ತಿನ ವಿಧಾನ: ಬಕೆಟ್ಟಿನ ನೀರಿಗೆ ವಾಷಿಂಗ್ ಸೋಡಾ ಕದಡಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಸಾಮಾನಿಗೂ ಧನ ತಂತಿಯನ್ನು ಬೇಡದ ಕಬ್ಬಿಣದ ತಗಡಿಗೂ ಕಟ್ಟುವುದು. ತಗಡಿನ ಬದಲು ಸ್ಟೀಲಿನ ತಟ್ಟೆಯನ್ನು ಯಾರೂ ಬಳಸಬೇಡಿ, ಅದರಲ್ಲಿರುವ ಕ್ರೋಮಿಯಂ ನೀರನ್ನು ವಿಷವಾಗಿಸುತ್ತದೆ. ಇದೇ ಕಾರಣಕ್ಕೆ ಕ್ರೋಮ್ ಲೇಪದ ಸಾಮಾನನ್ನೂ ಈ ಬಕೆಟ್ಟಿಗೆ ಹಾಕುವುದಿಲ್ಲ. ಹೈಡ್ರೋಜನ್ ಅನಿಲ ಹೊರಡುವುದರಿಂದ ಈ ಕೆಲಸ ಅಂಗಳದಲ್ಲೇ ಆಗಬೇಕು, ಹತ್ತಿರ ಬೆಂಕಿ ಇರಬಾರದು.

ಫ್ರೇಮಿಗೆ ಬಣ್ಣ ಹೊಡೆಯಲಿಲ್ಲ. ಮೂಲದ ಕಪ್ಪು ಅಲ್ಲಲ್ಲಿ ಎದ್ದಿದ್ದರೂ ಒಟ್ಟಿನಲ್ಲಿ ಗಟ್ಟಿಯಾಗಿತ್ತು. ಎದ್ದ ಕಡೆ ಉಜ್ಜಿ ರೆಡ್ ಆಕ್ಸೈಡ್ ಬಳಿದು ಮೇಲೆ ಕಪ್ಪು ತೀಡಿದೆ. ಸೀಟಿನ ಪೈಪಿನ ಬಾಯಿಂದ ಹಳೆಯ ಎಂಜಿನ್ ಆಯಿಲ್ ಸುರಿದು ಫ್ರೇಮನ್ನು ಎಲ್ಲ ದಿಕ್ಕಿಗೂ ವಾಲಿಸಿ ಒಳಗೆಲ್ಲ ಹರಿಯಿಸಿದ್ದು ಆ ಬಣ್ಣಕ್ಕಿಂತ ಹೆಚ್ಚು ಉಪಯೋಗದ ಕೆಲಸ.

ಹಿಂಚಕ್ರ. ಗುಜರಿಯವರೇ ಬೇರೆ ರಾಶಿಯಿಂದ 40 ಕಡ್ಡಿಯ ಹಬ್ಬಿರುವ ಒಂದನ್ನು ಎಳೆದುಕೊಟ್ಟಿದ್ದರು. ಈ ಜಾತಿಯ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿಗಳು. ಭಾರ ಬೀಳುವುದು ಹಿಂದೆ ಎಂಬ ಲೆಕ್ಕ. ಕೆಲವು ಕಡ್ಡಿಗಳು ತುಂಡಾಗಿದ್ದವು, ರಿಮ್ ಅಲ್ಲಲ್ಲಿ ಕುಸಿದಿತ್ತು. ಬೆಂಡ್ ತೆಗೆಯುವುದನ್ನು ನನಗೆ ಕಲಿಸಿದ್ದು ಅಗ್ರಹಾರದ ಕಡೆ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯ ಮೇಸ್ತ್ರಿ. ರಾಡ್ ಬ್ರೇಕಿನ ಚಕ್ರದ ಬಗ್ಗೆ ಅವರು ಹೇಳುತ್ತಿದ್ದ ಮಾತು ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ: ಅಕ್ಕಪಕ್ಕದ ಓಲಾಟ ಸ್ವಲ್ಪ ಉಳಿದರೂ ಪರವಾಗಿಲ್ಲ, ಮೇಲೆ ಕೆಳಗಿನ ಕುಣಿತ ಮಾತ್ರ ಉಳಿಯಬಾರದು. ಕಾರಣ ಸರಳ. ಈಗಿನ ಸೈಕಲ್ಲುಗಳ ಬ್ರೇಕು ರಿಮ್ಮನ್ನು ಎರಡು ಮಗ್ಗುಲಿನಿಂದ ಹಿಡಿಯುತ್ತದೆ. ರಾಡ್ ಬ್ರೇಕಿನ ರಬ್ಬರುಗಳು ಹಬ್ಬಿನ ಕಡೆಯಿಂದ, ರಿಮ್ಮಿನ ಒಳಮೈಗೆ ಒತ್ತುತ್ತವೆ. ರಿಮ್ ಎಲ್ಲಿ ಒಳಕ್ಕೆ ಕುಸಿದಿದೆಯೋ ಅಲ್ಲಿ ಬ್ರೇಕು ಕಚ್ಚಿ ಬಿಡುತ್ತದೆ, ಇಳಿಜಾರಿನಲ್ಲಿ ಸೈಕಲ್ ಜಗ್ಗಿ ಜಗ್ಗಿ ನಿಲ್ಲುತ್ತದೆ.

ಹಾಗಾಗಿ ಮೊದಲು ಕಡ್ಡಿಗಳನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲುಗಳಿಗೆ ಎಣ್ಣೆ, ಆಮೇಲೆ ತುಂಡಾದ ಕಡ್ಡಿಗಳ ಬದಲಿ, ಆಮೇಲೆ ಸೈಕಲ್ಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತ ಫ್ರೇಮಿಗೆ ಊರಿದ ಸೀಮೆಸುಣ್ಣದ ಕಡ್ಡಿಯನ್ನು ರಿಮ್ಮಿನ ಹೊರ ಅಂಚಿನ ಹತ್ತಿರ ಹಿಡಿಯುವುದು. ಗುರುತು ಬಿದ್ದ ಕಡೆ ರಿಮ್ ಹೊರಗೆ ಉಬ್ಬಿದೆ, ಅಲ್ಲಿನ ಎರಡೂ ಬದಿಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿಯಬೇಕು. ಬೀಳದೇ ಉಳಿದ ತಗ್ಗಿನಲ್ಲಿ ಕಾಲು ಸುತ್ತು ಸಡಿಲಿಸಬೇಕು. ಅಕ್ಕಪಕ್ಕದ ಓಲಾಟಕ್ಕೆ, ರಿಮ್ ಬಲಕ್ಕೆ ವಾಲಿದಲ್ಲಿ ಎಡಗಡೆಯ ಕಡ್ಡಿ ಬಿಗಿ, ಬಲಗಡೆಯದು ಸಡಿಲ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಅವಸರ ಮಾಡಿದವರ ಚಕ್ರ ಹಪ್ಪಳವಾಗುತ್ತದೆ. ಕೊನೆಗೆ ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡುತ್ತೇನೆ. ಒಂದೇ ಬದಿಯ ಕಡ್ಡಿಗಳು ಹೆಚ್ಚು ಕಡಿಮೆ ಒಂದೇ ಸ್ವರ ಕೊಡಬೇಕು, ಚೈನಿನ ಬದಿಯವು ತುಸು ಏರುಸ್ವರ.

ಫ್ರೀವೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿವಿಗಿಟ್ಟುಕೊಂಡು ತಿರುಗಿಸಿದೆ. ಟಿಕ್ ಟಿಕ್ ಸದ್ದು ಬಿಡುವಿಲ್ಲದೆ ಬಂತು, ಗ್ರೀಸ್ ಹಾಕದೆ ತೆಳು ಎಣ್ಣೆ ಮಾತ್ರ ಬಿಟ್ಟೆ. ಗ್ರೀಸ್ ಹಾಕಿದರೆ ಒಳಗಿನ ಕೊಕ್ಕೆಗಳು ಅಂಟಿಕೊಂಡು ಪೆಡಲ್ ತುಳಿದಾಗ ಜಾರುತ್ತವೆ. ಚೈನನ್ನು ಸ್ಕೇಲಿನಿಂದ ಅಳೆದೆ: ಹೊಸ ಚೈನಿನಲ್ಲಿ 24 ಕೊಂಡಿಗಳು ಸೇರಿ ಸರಿಯಾಗಿ 12 ಅಂಗುಲ. ಅದು ಅಂಗುಲದ ಎಂಟನೇ ಒಂದು ಭಾಗ ಹೆಚ್ಚಿದ್ದರೆ ಚೈನು ಮುಗಿದ ಹಾಗೆ. ಎರಡೂ ಸೈಕಲ್ಲಿನ ಚೈನುಗಳು ಆ ಗೆರೆ ದಾಟಿದ್ದವು. ಹೊಸದು ತಂದೆ. ಟೈರು, ಟ್ಯೂಬು, ಬ್ರೇಕ್ ರಬ್ಬರು ಕೂಡ ಹೊಸವು; ಗುಜರಿಯ ರಬ್ಬರನ್ನು ಇನ್ನೊಬ್ಬರ ಜೀವಕ್ಕೆ ಒಡ್ಡುವುದು ಸರಿಯಲ್ಲ ಎನ್ನುವುದು ನನ್ನ ಕಟ್ಟುಪಾಡು. ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಕಡ್ಡಿಯ ತಲೆಗಳು ಚುಚ್ಚದಂತೆ ರಿಮ್ಮಿನ ಒಳಗೆ ಸುತ್ತಿದೆ.

ಜೋಡಿಸುವಾಗ ಕಾಟರ್ ಪಿನ್ನು ಮತ್ತೊಮ್ಮೆ ಗಮನ ಕೇಳುತ್ತದೆ. ಎರಡು ಪಿನ್ನುಗಳನ್ನು ಎದುರುಬದುರು ದಿಕ್ಕಿನಿಂದ ಹಾಕಬೇಕು. ಒಂದರ ನಟ್ಟು ಮೇಲಿದ್ದಾಗ ಇನ್ನೊಂದರದು ಕೆಳಗಿರಬೇಕು. ಒಂದೇ ದಿಕ್ಕಿಗೆ ಹಾಕಿದರೆ ಎರಡು ಪೆಡಲ್ಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ತುಳಿಯುವವರು ಕುಂಟುತ್ತಾರೆ. ಹೊಸ ಪಿನ್ನಿನ ಚಪ್ಪಟೆ ಮೈಯನ್ನು ಅರದಿಂದ ತುಸು ತಿದ್ದಿ, ಆಕ್ಸಲ್ಲಿನ ಕಚ್ಚಿಗೆ ಪೂರ್ತಿ ಕೂರುವಂತೆ ಮಾಡಿ, ಸುತ್ತಿಗೆಯಿಂದ ಹೊಡೆದು ಕೂರಿಸಿದ ಮೇಲಷ್ಟೇ ನಟ್ಟು. ನಟ್ಟಿನ ಬಲದಿಂದ ಪಿನ್ನನ್ನು ಎಳೆದು ಕೂರಿಸಲು ಹೋದರೆ ಥ್ರೆಡ್ ಹರಿಯುತ್ತದೆ.

ಶಾಲೆಯ ಸೈಕಲ್ಲಿನ ಬುಟ್ಟಿಯನ್ನೂ ಬಿಡಲಿಲ್ಲ. ರಾಡ್ ಬ್ರೇಕಿಗೆ ಅಡ್ಡ ಬರುವುದರಿಂದ ಅದು ಹ್ಯಾಂಡಲ್ಲಿನಲ್ಲಿ ಕೂರಲಿಲ್ಲ. ಹಿಂದಿನ ಕ್ಯಾರಿಯರಿನ ಒಂದು ಮಗ್ಗುಲಿಗೆ ಕಟ್ಟಿದೆ. ಹೂವಿನವರು ಬಂದು ನೋಡಿ, ಒಂದು ಸುತ್ತು ತುಳಿದು, ಸೀಟನ್ನು ತಮ್ಮ ಎತ್ತರಕ್ಕೆ ಇಳಿಸಿಸಿಕೊಂಡರು. ಬುಟ್ಟಿಯನ್ನು ಎಡಕ್ಕೆ ಹಾಕಿಸಿದರು, ಅವರು ಇಳಿಯುವುದು ಎಡಕ್ಕಂತೆ, ನಿಂತಲ್ಲೇ ಹೂವು ತೆಗೆಯಬಹುದು. ಬಿಡಿಭಾಗದ ಖರ್ಚನ್ನು ಕಂತಿನಲ್ಲಿ ಕೊಡುತ್ತೇನೆ ಎಂದರು, ಆಗಲಿ ಎಂದೆ. ಮಳೆಯಲ್ಲಿ ಬ್ರೇಕು ಅರ್ಧ ಮಾತ್ರ ಹಿಡಿಯುತ್ತದೆ, ಕ್ರೋಮ್ ರಿಮ್ಮಿನ ಗುಣವೇ ಅದು, ಮೊದಲೇ ಹಿಡಿಯಿರಿ ಎಂದು ಹೇಳಿ ಕಳುಹಿಸಿದೆ.

ವಾರದ ನಂತರ ಅವರನ್ನು ನಿಲ್ಲಿಸಿ ಕಾಟರ್ ಪಿನ್ನುಗಳನ್ನು ಮತ್ತೆ ಒಂದು ಪೆಟ್ಟು ಹೊಡೆದು ನಟ್ಟು ಬಿಗಿದೆ. ಹೊಸ ಪಿನ್ ತುಳಿತಕ್ಕೆ ಕೂತುಕೊಂಡು ಸಡಿಲವಾಗುವುದು ಸಹಜ. ಶಾಲೆಯ ಸೈಕಲ್ಲುಗಳ ಎಷ್ಟೋ ಕ್ರ್ಯಾಂಕುಗಳು ಹಾಳಾಗುವುದು ಈ ಎರಡನೇ ಬಿಗಿತ ಸಿಗದೆ. ಹಿಂಚಕ್ರದ ಹೊಸ ಕಡ್ಡಿಗಳೂ ಸ್ವಲ್ಪ ಸಡಿಲಾಗಿದ್ದವು, ಅವನ್ನೂ ಬಿಗಿದೆ. ಗೇರ್ ಸೈಕಲ್ಲಿನ ಉಳಿದ ದೇಹ ಗುಜರಿಗೇ ವಾಪಸ್ಸಾಯಿತು. ಶಾಲೆಯ ಸೈಕಲ್ಲಿನ ಫ್ರೇಮು, ಎರಡು ಚಕ್ರ, ಮಡ್‌ಗಾರ್ಡುಗಳು ಶೆಡ್ಡಿನಲ್ಲಿವೆ. ಅದಕ್ಕೊಂದು ಜೊತೆ ಕ್ರ್ಯಾಂಕ್ ಮತ್ತು ಆಕ್ಸಲ್ ಹುಡುಕುತ್ತಿದ್ದೇನೆ.